ಮುಚ್ಚಿದ ಬಾಗಿಲುಗಳು: ಅವರದ್ದು ಮತ್ತು ನಮ್ಮದು

ಹೆಸರು ಕೇಳಿದೊಡನೆ ಬಾಡಿಗೆ ಮನೆ ‘ಈಗಷ್ಟೇ ಹೋಯಿತು’ ಎಂಬ ಉತ್ತರ ನಗರವಾಸಿ ಮುಸ್ಲಿಮರಿಗೆ ಹೊಸತೇನಲ್ಲ. ಮಾಂಸಾಹಾರದ ನೆಪವಂತೂ ನಮಗೆ ಬಾಯಿಪಾಠವಾಗಿದೆ. ಧರ್ಮಾಧಾರಿತ ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 15ನೇ ವಿಧಿಯು ಮುಖ್ಯವಾಗಿ ಕಟ್ಟಿಹಾಕುವುದು ಸರಕಾರವನ್ನು. ಬಾಡಿಗೆ ನಿರಾಕರಿಸುವ ಖಾಸಗಿ ಮಾಲಕನನ್ನಲ್ಲ. 2005ರಲ್ಲಂತೂ ಪಾರ್ಸಿ ವಸತಿ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಿದ ನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಇಷ್ಟದ ಬಡಾವಣೆಯಲ್ಲಿ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಮುಸ್ಲಿಮರಿಗೆ ಕಠಿಣವಾಗುತ್ತಿರುವುದನ್ನು 2006ರ ಸಾಚಾರ್ ವರದಿ ದಾಖಲಿಸಿತು. ಹೀಗೆ ಒಂದೇ ಮೊಹಲ್ಲಾಕ್ಕೆ ದೂಡಲ್ಪಟ್ಟವರಿಗೆ ಚರಂಡಿಯಿಲ್ಲ, ನೀರಿಲ್ಲ. ಮೇಲಾಗಿ ‘ಇವರು ಯಾರೊಂದಿಗೂ ಬೆರೆಯುವುದಿಲ್ಲ’ ಎಂಬ ಆರೋಪ ಬೇರೆ!

ಆದರೆ ಅದೇ ವರದಿಯು ನಮ್ಮೊಳಗಿನ ಅಶ್ರಫ್, ಅಜ್ಲಫ್, ಅರ್ಝಲ್ ಎಂಬ ಶ್ರೇಣಿಗಳನ್ನೂ ಹೆಸರಿಸಿದೆ. ಆ ಪುಟವನ್ನು ನಾವು ಬೇಗನೆ ಮಗುಚುತ್ತೇವೆ. ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಟ್ಟ ಹಝ್ರತ್ ಬಿಲಾಲ್(ರ)ರ ಚರಿತ್ರೆಯನ್ನು ಕೇಳಿ ಕಣ್ಣೊರೆಸಿಕೊಳ್ಳುವ ಹಿರಿಯರೇ, ಪಿಂಜಾರ ಮನೆತನದ ಸಂಬಂಧ ಬಂದಾಗ ‘ಖಾಂದಾನ್’ ವಿಚಾರಿಸುತ್ತಾರೆ. ಹುಡುಗ ಪದವೀಧರ, ನಮಾಝಿ, ಆದರೂ ಸಾಲದು. ನಮಾಝಿನ ಸಾಲಿನಲ್ಲಿ ಹೆಗಲಿಗೆ ತಾಗಿದ ಹೆಗಲು ನಿಕಾಹ್‌ನ ಮಾತು ಬಂದೊಡನೆ ದೂರವಾಗುತ್ತದೆ.

ವಸತಿ ತಾರತಮ್ಯದ ವಿರುದ್ಧ ಕಾನೂನು ತರಬೇಕೆಂಬ ಬೇಡಿಕೆಯನ್ನು ನಾವು ಕಿಂಚಿತ್ತೂ ಸಡಿಲಿಸಬಾರದು. ಅದರೊಂದಿಗೇ ಜಮಾಅತ್ ಸಮಿತಿಗಳು ಹೇಳಲಿ: ನಿಮ್ಮ ಆಡಳಿತ ಮಂಡಳಿಯಲ್ಲಿ ಪಿಂಜಾರರೆಷ್ಟು ಮಂದಿ? ಕಳೆದ ವರ್ಷದ ನಿಕಾಹ್ ದಫ್ತರದಲ್ಲಿ ಈ ಗೆರೆ ದಾಟಿದ ಮದುವೆಗಳೆಷ್ಟು?