ಕಡಲ ನೀರಿನ ಕನಸು ಬೇಡ, ಕೆರೆಗೆ ಬರುವ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿಸಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮಹಾಜನರೇ,

ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ, ಸಿಕ್ಕರೂ ಫ್ಲೋರೈಡ್ ಬೆರೆತಿರುವ ಈ ಸೀಮೆಯಲ್ಲಿ ‘ಸಮುದ್ರದ ನೀರನ್ನೇ ಸಿಹಿ ಮಾಡಿ ತರಬಾರದೇಕೆ’ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಉಪ್ಪುನೀರನ್ನು ಕುಡಿಯುವ ನೀರಾಗಿಸಲು ಚೆನ್ನೈನ ಮಿಂಜೂರಿನಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ ದಿನಕ್ಕೆ ತಲಾ 10 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಶುರುವಾದವು. ಕಡಲ ದಡದ ಊರಿಗೆ ಅದು ಒಪ್ಪುವ ದಾರಿ. ನಮಗೆ ಒಪ್ಪುವುದಿಲ್ಲ, ಏಕೆಂದರೆ ನಮ್ಮ ನೆಲ ಎತ್ತರದಲ್ಲಿದೆ. ಸಾವಿರ ಲೀಟರ್ ಸಮುದ್ರದ ನೀರಿನಿಂದ ಉಪ್ಪು ತೆಗೆಯಲು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಆ ನೀರನ್ನು ಸುಮಾರು 900 ಮೀಟರ್ ಎತ್ತರದ ಚಿಕ್ಕಬಳ್ಳಾಪುರಕ್ಕೆ ಏರಿಸಲು, ಪಂಪಿನಲ್ಲಿ ಆಗುವ ನಷ್ಟ ಸೇರಿಸಿದರೆ, ಮತ್ತೆ ಮೂರು ಯೂನಿಟ್‌ಗೂ ಹೆಚ್ಚು ಬೇಕು. ನೂರಾರು ಕಿಲೋಮೀಟರ್ ಪೈಪಿನೊಳಗಿನ ಘರ್ಷಣೆಯ ಲೆಕ್ಕ ಬೇರೆ. ಗೌರಿಬಿದನೂರು ತಗ್ಗಿನಲ್ಲಿದೆ ಎಂದರೂ ಅದು ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸಿನಲ್ಲಿದೆ. ಉಪ್ಪು ತೆಗೆಯುವ ಯಂತ್ರ ನಾಳೆ ಎಷ್ಟೇ ಅಗ್ಗವಾಗಲಿ, ನೀರಿನ ಭಾರ ಕಡಿಮೆಯಾಗುವುದಿಲ್ಲ.

ಹಾಗಾದರೆ ನಮ್ಮ ಎತ್ತರದಲ್ಲೇ ಇರುವ ನೀರು ಯಾವುದು? ಮೊದಲನೆಯದು ಮಳೆ. ವರ್ಷಕ್ಕೆ 700 ಮಿಲಿಮೀಟರ್ ಸುರಿದರೆ ಒಂದೇ ಎಕರೆಯ ಮೇಲೆ 28 ಲಕ್ಷ ಲೀಟರ್ ಬಿದ್ದಂತೆ. ಅದರ ಬಹುಪಾಲು ಆವಿಯಾಗುತ್ತದೆ, ನಿಜ. ಆದರೆ ರಾಜಕಾಲುವೆ ಒತ್ತುವರಿಯಾಗಿ, ಕೆರೆಯಲ್ಲಿ ಹೂಳು ತುಂಬಿ ಕೈತಪ್ಪುತ್ತಿರುವುದು ನಮ್ಮದೇ ಪಾಲು. ಎರಡನೆಯದರ ಬಗ್ಗೆ ಮಾತಾಡಲು ಜನ ಮುಜುಗರಪಡುತ್ತಾರೆ: ಬೆಂಗಳೂರಿನ ಕೊಳಚೆ ನೀರು. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, 500 ಮೀಟರ್‌ನಷ್ಟು ಮೇಲಕ್ಕೆತ್ತಿ ಬೆಂಗಳೂರಿಗೆ ತರಲಾಗುತ್ತದೆ. ಬೆಂಗಳೂರೂ ಚಿಕ್ಕಬಳ್ಳಾಪುರವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಅಂದರೆ ನೀರನ್ನು ಪ್ರಸ್ಥಭೂಮಿಗೆ ಏರಿಸಿದ ಖರ್ಚು ಆಗಲೇ ಸಂದಾಯವಾಗಿದೆ. ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವು ತುಂಬಿದ್ದು ಈ ನೀರಿನಿಂದಲೇ. ಕೊರತೆ ಇರುವುದು ಶುದ್ಧೀಕರಣದಲ್ಲಿ. ಎರಡನೇ ಹಂತಕ್ಕೆ ನಿಲ್ಲಿಸಿದ ನೀರಿನಲ್ಲಿ ಸಾರಜನಕ, ರಂಜಕ, ರೋಗಾಣುಗಳು ಉಳಿದಿರುತ್ತವೆ. ಕೆರೆಯಿಂದ ಇಂಗಿ ಅದು ಸೇರುವುದು ನಾವು ಕುಡಿಯುವ ಬೋರ್‌ವೆಲ್‌ಗಳನ್ನು. ಇವನ್ನೂ ತೆಗೆಯುವ ಮೂರನೇ ಹಂತ ಬೇಕೆಂದು ಈ ಸೀಮೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಪೂರ್ಣ ನ್ಯಾಯವಾದದ್ದು.

ಇಸ್ರೇಲ್ ಕಡಲ ನೀರನ್ನು ಸಿಹಿ ಮಾಡಿಲ್ಲವೇ ಎನ್ನುತ್ತೀರಿ. ಮಾಡಿದೆ. ಆದರೆ ಆ ದೇಶದ ದೊಡ್ಡ ಪಟ್ಟಣಗಳಲ್ಲಿ ಹಲವು ಕಡಲಂಚಿನಲ್ಲಿವೆ, ಮತ್ತು ಅದು ತನ್ನ ಕೊಳಚೆ ನೀರಿನ ಶೇ. 90ರ ಸಮೀಪದಷ್ಟನ್ನು ಶುದ್ಧಮಾಡಿ ಬೇಸಾಯಕ್ಕೆ ಕೊಡುತ್ತದೆ. ಇಸ್ರೇಲನ್ನು ಹೆಸರಿಸುವವರು ಈ ಎರಡನೇ ಪಾಠವನ್ನು ಎತ್ತುವುದಿಲ್ಲ. ಕೊಳಚೆ ಎಂದರೆ ಮನಸ್ಸು ಒಪ್ಪದು ಎನ್ನುವವರು ನಮೀಬಿಯಾದ ವಿಂಡ್‌ಹುಕ್ ನಗರವನ್ನು ನೋಡಲಿ. ಅಲ್ಲಿ 1968ರಿಂದ ಶುದ್ಧೀಕರಿಸಿದ ಕೊಳಚೆ ನೀರನ್ನು ಕುಡಿಯುವ ನೀರಿಗೇ ಸೇರಿಸುತ್ತಿದ್ದಾರೆ. ನಾವು ಅಷ್ಟು ದೂರ ಹೋಗಬೇಕಿಲ್ಲ. ಹಿಪ್ಪುನೇರಳೆಗೆ, ಟೊಮೆಟೊಗೆ, ಅಂತರ್ಜಲಕ್ಕೆ ಹಾನಿಯಾಗದಷ್ಟು ಶುದ್ಧವಾದರೆ ಸಾಕು. ಅದಕ್ಕೆ ಅಷ್ಟೂ ನೀರನ್ನು ಆರ್‌ಒ ಯಂತ್ರಕ್ಕೆ ಹಾಯಿಸಬೇಕಾಗಿಯೂ ಇಲ್ಲ. ಸಾರಜನಕ, ರಂಜಕ ತೆಗೆದು, ಸೂಕ್ಷ್ಮವಾಗಿ ಸೋಸಿ, ರೋಗಾಣು ಕೊಲ್ಲುವ ಘಟಕಗಳು ಬೇಕು. ಖರ್ಚಿನ ಮಾತೆತ್ತಿದರೆ ನಮ್ಮ ಸೀಮೆಗೆ ನೀರು ತರಲೆಂದು ಹೊರಟ ಎತ್ತಿನಹೊಳೆ ಯೋಜನೆಯನ್ನು ನೆನೆಯಿರಿ: 2014ರಲ್ಲಿ ಶಂಕುಸ್ಥಾಪನೆಯಾಗಿ, ವೆಚ್ಚ 23,000 ಕೋಟಿ ರೂಪಾಯಿ ದಾಟಿ, ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಸಕಲೇಶಪುರದ ಕಡೆಯಲ್ಲಿ. ಅಷ್ಟು ಹಣ ಹೊಂದಿಸಬಲ್ಲ ಸರ್ಕಾರಕ್ಕೆ ಮೂರನೇ ಹಂತದ ಘಟಕ ಭಾರವಾಗದು.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಎರಡು ನಿರ್ಣಯ ಬರೆಸಿ. ನಮ್ಮ ಕೆರೆಗಳಿಗೆ ಮೂರನೇ ಹಂತ ಮುಗಿಸಿದ ನೀರೇ ಬರಬೇಕು. ಕೆರೆಯ ನೀರು ಮತ್ತು ಅದರ ಸುತ್ತಲಿನ ಬೋರ್‌ವೆಲ್‌ಗಳ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಕನ್ನಡದಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು.