ಪನ್ನೀರು ಗುಲಾಬಿಯ ಪರವಾಗಿ
ಶಿವಮೊಗ್ಗದ ನರ್ಸರಿಗಳಲ್ಲಿ ಕಸಿ ಮಾಡಿದ ದೊಡ್ಡ ಹೂವಿನ ಗುಲಾಬಿ ಎಲ್ಲರ ಕಣ್ಣು ಸೆಳೆಯುತ್ತದೆ; ನನ್ನ ಓಟು ಮಾತ್ರ ಹಿತ್ತಲಿನ ಹಳೆಯ ಪನ್ನೀರು ಗುಲಾಬಿಗೆ. 1867ರಲ್ಲಿ ಬಂದ 'ಲಾ ಫ್ರಾನ್ಸ್' ತಳಿಗಿಂತ ಹಿಂದಿನ ವರ್ಗಗಳನ್ನು ಹಳೆಯ ಗುಲಾಬಿ ಎನ್ನುವುದು ರೂಢಿ. ಹಳೆಯದೆಲ್ಲವೂ ನಮ್ಮ ಹವೆಗೆ ಒಗ್ಗದು, ನಿಜ: ಯುರೋಪಿನ ಗ್ಯಾಲಿಕಾದಂಥವು ಚಳಿ ಸಾಲದೆ ಬರೀ ಎಲೆ ಬಿಡುತ್ತವೆ. ನಮ್ಮಲ್ಲಿ ಪನ್ನೀರು ಗುಲಾಬಿ ಎಂದು ಹಾರಕ್ಕೆ ಕಟ್ಟುವ ಎಡ್ವರ್ಡ್ ಹಾಗಲ್ಲ; ಅದು ಬೂರ್ಬನ್ ಗುಂಪಿನದು, ಚೀನಾ ಗುಲಾಬಿಯ ರಕ್ತ ಇರುವುದರಿಂದ ಚಳಿಗೆ ಕಾಯದೆ ಮತ್ತೆ ಮತ್ತೆ ಹೂ ಕೊಡುತ್ತದೆ. ಮುಂಗಾರಿನಲ್ಲಿ ಇದಕ್ಕೂ ಕಪ್ಪುಚುಕ್ಕೆ ರೋಗ ಬರುವುದಿಲ್ಲವೇ ಎಂದರೆ, ಬರುತ್ತದೆ. ಎಲೆ ಸತತವಾಗಿ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಆ ಶಿಲೀಂಧ್ರ ಒಳಹೊಗುತ್ತದೆ, ತುಂಗೆಯ ದಡದಲ್ಲಿ ಜುಲೈ ಎಂದರೆ ಅದೇ ಸ್ಥಿತಿ. ವ್ಯತ್ಯಾಸ ಇರುವುದು ಬುಡದಲ್ಲಿ. ಕಸಿ ಗಿಡದ ಮೇಲ್ಭಾಗ ಸತ್ತರೆ ಕೆಳಗಿನಿಂದ ಏಳುವುದು ಕಾಡುಗುಲಾಬಿ. ಅದನ್ನೇ ವರ್ಷಗಟ್ಟಲೆ ಸಾಕಿ, ಮೊದಲಿನ ಹೂ ಯಾಕೋ ಬರುತ್ತಿಲ್ಲ ಎಂದು ಕೊರಗುವವರು ಕಡಿಮೆಯೇನಲ್ಲ. ಕಡ್ಡಿ ನೆಟ್ಟು ಬೆಳೆಸಿದ ಗಿಡ ನೆಲಮಟ್ಟಕ್ಕೆ ಒಣಗಿದರೂ, ಬೇರು ಜೀವಂತವಿದ್ದರೆ, ಅದೇ ಗುಲಾಬಿಯಾಗಿ ಚಿಗುರುತ್ತದೆ. ದಳ ಬೇಗ ಉದುರುತ್ತದೆ, ಹೂದಾನಿಗೆ ಆಗದು ಎಂಬ ಆಕ್ಷೇಪವನ್ನು ಒಪ್ಪಬೇಕು. ಆದರೆ ಪೂಜೆಗೂ ಗುಲ್ಕಂದಿಗೂ ಬೇಕಾದದ್ದು ಬೆಳಗಿನ ಪರಿಮಳ, ವಾರದ ಬಾಳಿಕೆಯಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗಳಲ್ಲಿರುವಂತೆ ಮನೆಯ ಸುತ್ತ ಒಂದಿಷ್ಟು ಮಣ್ಣಿದ್ದರೆ ಕುಂಡವೂ ಬೇಡ. ನೀರು ನಿಲ್ಲದ ಏರುಪಾತಿ, ಬಿಸಿಲು, ಕೊಟ್ಟಿಗೆ ಗೊಬ್ಬರ, ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಹದವಾಗಿ ಸವರುವುದು, ಇಷ್ಟು ಸಾಕು. ಕಡ್ಡಿಗೆ ದುಡ್ಡು ಕೊಡಬೇಕಿಲ್ಲ, ಗಿಡ ಇರುವ ಮನೆಯವರನ್ನು ಕೇಳಿದರಾಯಿತು.