ನೌಕಾವಿಹಾರವು ಅಗ್ಗವೆಂಬ ಮಾತು

ಹಡಗಿನಲ್ಲಿ ನಾಲ್ಕು ದಿನ ವಿಹರಿಸಿ ಬರುವುದು ಈಗ ಸಾಮಾನ್ಯ ಗೃಹಸ್ಥನಿಗೂ ಎಟಕುವ ಸಂಗತಿಯೆಂದೂ, ದೊಡ್ಡ ಹೋಟೆಲಿನ ವಾಸಕ್ಕಿಂತ ಅದೇ ಅಗ್ಗವೆಂದೂ ಹೇಳುವ ವಾಡಿಕೆಯು ನಮ್ಮ ಬಸರೀಕಟ್ಟೆಯ ಸುತ್ತಿನ ಮನೆಗಳವರೆಗೂ ಬಂದು ಮುಟ್ಟಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಂದೆಯ ಷಷ್ಟ್ಯಬ್ದಿಗೆಂದು ಇಂಥ ಪ್ರಯಾಣದ ಟಿಕೇಟನ್ನು ಕೊಡುವುದು ಒಂದು ಮರ್ಯಾದೆಯೆನಿಸಿಕೊಳ್ಳುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ನೌಕೆಯು ಮುಂಬಯಿಯಿಂದ ಸಂಚಾರವನ್ನಾರಂಭಿಸಿದಂದಿನಿಂದ ಈ ಮಾತಿಗೆ ಕಾಲು ಬಂದಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ‘ಕ್ರೂಸ್ ಭಾರತ್’ ಯೋಜನೆಯನ್ನು ಹೊರಡಿಸಿದ ಮೇಲೆ ರೆಕ್ಕೆಯೂ ಬಂದಿತು. ಆದಕಾರಣ ಈ ಅಗ್ಗತನವನ್ನು ಒಮ್ಮೆ ಒರೆಗೆ ಹಚ್ಚಿ ನೋಡತಕ್ಕುದು ಅವಶ್ಯವೆಂದು ನಮಗೆ ತೋರುತ್ತದೆ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು ಹಡಗಿನ ಮಾತೆತ್ತಿದೊಡನೆ ಧರ್ಮಸೂತ್ರಗಳನ್ನೂ ಕಲಿವರ್ಜ್ಯಗಳನ್ನೂ ಮುಂದಿಡುವನೆಂದು ವಾಚಕರು ಅಂಜಬೇಕಾದುದಿಲ್ಲ. ಬೌಧಾಯನರು ಸಮುದ್ರಯಾನವನ್ನು ಪಾತಿತ್ಯ ತರುವ ಕರ್ಮಗಳಲ್ಲಿ ಎಣಿಸಿರುವುದು ನಿಜ. ಅದು ಉತ್ತರದೇಶದವರ ಆಚಾರಗಳಲ್ಲೊಂದೆಂದು ಅವರೇ ಹೇಳಿರುವುದೂ ನಿಜ. ಋಗ್ವೇದದಲ್ಲಿ ಕಡಲಿಗೆ ಬಿದ್ದ ಭುಜ್ಯುವನ್ನು ಅಶ್ವಿನೀದೇವತೆಗಳು ನೂರು ಹುಟ್ಟುಗಳ ನಾವೆಯಲ್ಲಿ ಮನೆ ಸೇರಿಸಿದರು. ನಮ್ಮ ಕರಾವಳಿಯ ಎಷ್ಟೋ ಮಂದಿ ಉಗಿಹಡಗನ್ನೇರಿ ಮುಂಬಯಿಗೆ ಹೋಗಿ ಮನೆಮಂದಿಗೆಲ್ಲ ಅನ್ನ ದುಡಿದರು. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿಬಂದುದರಿಂದ ಕನ್ನಡಕ್ಕೆ ‘ಸಮುದ್ರಗೀತೆಗಳು’ ದೊರೆತವು. ಇಷ್ಟಾದ ಮೇಲೆ ಸಮುದ್ರಕ್ಕೆ ದೋಷ ಹೇಳುವುದು ನಮ್ಮಿಂದಾಗದು. ಲೆಕ್ಕಕ್ಕೆ ಬರೋಣ.

ಪೂರ್ವಪಕ್ಷವು ಹೀಗೆ: ಕೊಠಡಿ, ಹೊತ್ತುಹೊತ್ತಿನ ಊಟ, ಗಾನನರ್ತನಾದಿಗಳು ಎಲ್ಲವೂ ಒಂದೇ ದರದಲ್ಲಿ ಅಡಕವಾಗಿವೆ; ಬೇರೆಬೇರೆಯಾಗಿ ಕೊಂಡರೆ ಇನ್ನೂ ಹೆಚ್ಚಾಗುತ್ತದೆ. ಈ ವಾದದಲ್ಲಿ ಸ್ವಲ್ಪ ಸತ್ಯವುಂಟು, ಇಲ್ಲವೆನ್ನಲಾರೆವು. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರವು ಸಾಮಾನ್ಯವಾಗಿ ಕಿಟಕಿಯಿಲ್ಲದ ಒಳಕೊಠಡಿಯದು. ಕಡಲನ್ನು ನೋಡಲು ಹೊರಟವನು ಗೋಡೆಯನ್ನು ನೋಡುತ್ತ ಮಲಗಬೇಕು! ಕಿಟಕಿ ಬೇಕಾದರೆ ಒಂದು ದರ, ಬಾಲ್ಕನಿ ಬೇಕಾದರೆ ಮತ್ತೊಂದು. ತೆರಿಗೆ, ಬಂದರಿನ ಶುಲ್ಕ, ಸೇವಕರ ಇನಾಮು ಇವೆಲ್ಲ ಕೆಳಗಿನ ಸಣ್ಣಕ್ಷರಗಳಲ್ಲಿ ಅಡಗಿರುತ್ತವೆ. ಬಂದರಿನಲ್ಲಿಳಿದು ಊರು ಸುತ್ತುವ ಏರ್ಪಾಟಿಗೆ ಬೇರೆ ಹಣ ತೆರಬೇಕು. ಇನ್ನು ಬಸರೀಕಟ್ಟೆಯಿಂದ ಹೊರಟು ಕೊಪ್ಪದಲ್ಲಿ ಬಸ್ಸು ಹಿಡಿದು, ಬಯಲುಸೀಮೆಗೋ ಕರಾವಳಿಗೋ ಮುಟ್ಟಿ, ಅಲ್ಲಿಂದ ರೈಲಿನಲ್ಲಿ ಇಲ್ಲವೆ ವಿಮಾನದಲ್ಲಿ ಮುಂಬಯಿ ಸೇರಿ, ಹಡಗು ತಪ್ಪೀತೆಂದು ಹಿಂದಿನ ರಾತ್ರಿಯೇ ಹೋಟೆಲಿನಲ್ಲಿ ಇಳಿದುಕೊಳ್ಳುವ ವೆಚ್ಚವನ್ನು ನಾವು ಕಂಡ ಯಾವ ಲೆಕ್ಕದಲ್ಲಿಯೂ ಹಿಡಿದಿಲ್ಲ.

ಇದೆಲ್ಲಕ್ಕಿಂತ ನಮ್ಮನ್ನು ನೋಯಿಸಿದ ಸಂಗತಿ ಇನ್ನೊಂದು. ದರವನ್ನು ‘ಒಬ್ಬರಿಗೆ’ ಎಂದು ಬರೆದಿದ್ದರೂ ಅದು ಇಬ್ಬರು ಒಂದು ಕೊಠಡಿಯಲ್ಲಿರುವರೆಂಬ ಎಣಿಕೆಯ ಮೇಲೆ ಕಟ್ಟಿದ್ದು. ಒಂಟಿಯಾಗಿ ಹೋಗತಕ್ಕವರು ಹಲವು ಹಡಗುಗಳಲ್ಲಿ ಇಲ್ಲದ ಎರಡನೆಯವರ ಪಾಲನ್ನೂ ಬಹುಮಟ್ಟಿಗೆ ತಾವೇ ತೆರಬೇಕು. ನಮ್ಮ ಘಟ್ಟದ ಮನೆಗಳಲ್ಲಿ ಪತಿಯನ್ನು ಕಳೆದುಕೊಂಡು, ಒಲೆ ಅಂಗಳಗಳ ನಡುವೆಯೇ ಉಳಿದುಬಿಟ್ಟ ತಾಯಂದಿರೆಷ್ಟು ಮಂದಿ! ನಾಲ್ಕು ದಿನ ಮನೆಯ ಚಿಂತೆ ಬಿಟ್ಟು ನಾಲ್ಕು ಊರು ನೋಡಿಬರುವ ಅರ್ಹತೆ ಯಾರಿಗಾದರೂ ಇದ್ದರೆ ಅವರಿಗುಂಟು. ಅವರ ಪಾಲಿಗೆ ವೈಧವ್ಯಕ್ಕೂ ಒಂದು ತೆರಿಗೆ ಬಿದ್ದಂತಾಯಿತಲ್ಲವೆ? ಇದನ್ನು ಅಗ್ಗವೆಂದು ಯಾವ ಬಾಯಿಂದ ಹೇಳುವುದು?

ಹಾಗಾದರೆ ಉಳಿದವರಿಗಾದರೂ ದೊರೆಯುವ ಸೌಲಭ್ಯವು ಎಲ್ಲಿಂದ ಬರುತ್ತದೆ? ಹಡಗಿನ ಆಳುಗಳ ಬೆನ್ನಿನಿಂದ. ನಾವಿಕ ಕಾರ್ಮಿಕರ ವಿಷಯವಾಗಿ 2006ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದವು ದುಡಿಮೆಯ ಪರಮಾವಧಿಯನ್ನು ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಯವರೆಗೆ ಬಿಟ್ಟುಕೊಟ್ಟಿದೆ. ನಮ್ಮ ದೇಶದ ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆಯೆಂಬ ಕಟ್ಟಳೆಯುಂಟು. ಮಂಗಳೂರು ಗೋವೆಗಳ ಕಡೆಯಿಂದ ಹೋಟೆಲ್ ವಿದ್ಯೆ ಕಲಿತು ಇಂಥ ಹಡಗುಗಳಿಗೆ ಸೇರಿದ ತರುಣರು ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ತಟ್ಟೆ ತೊಳೆದು ಹಾಸಿಗೆ ಹಾಸಿದರೆ, ನಮ್ಮ ಟಿಕೇಟು ಇಳಿಯುತ್ತದೆ.

ಕೊಟ್ಟ ಹಣಕ್ಕೆ ಕಂಡುದೇನು? ನವಮಂಗಳೂರು ಬಂದರಿಗೆ ಬರುವ ವಿದೇಶೀ ವಿಹಾರನೌಕೆಗಳ ಪ್ರಯಾಣಿಕರನ್ನು ನೋಡಿದವರಿಗೆ ಉತ್ತರ ಗೊತ್ತು. ಬೆಳಿಗ್ಗೆ ಇಳಿದು, ಬಸ್ಸಿನಲ್ಲಿ ಮೂಡಬಿದಿರೆ, ಕದ್ರಿ, ಗೇರುಬೀಜದ ಕಾರ್ಖಾನೆಗಳನ್ನು ಹಾದು, ಸಾಯಂಕಾಲ ಮರಳಿ ಹಡಗೇರುತ್ತಾರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಅವರ ಪಾಲಿನಲ್ಲಿ ಉಳಿಯುವುದು ಎಷ್ಟು ನಿಮಿಷ! ಎರಡು ಕಂಬಗಳು ಒಂದರಂತೊಂದಿಲ್ಲವೆಂದು ಹೇಳುತ್ತಾರೆ. ಅದನ್ನು ಪರೀಕ್ಷಿಸುವುದಕ್ಕಾದರೂ ಒಂದು ಹಗಲು ಬೇಡವೆ? ನಮ್ಮವರು ಪರಸ್ಥಳಗಳಲ್ಲಿ ಮಾಡುವುದೂ ಇದನ್ನೇ. ಸಮುದ್ರವಾದರೂ ಕಂಡಿತೆ? 2024ರ ಜನವರಿಯಲ್ಲಿ ಸಂಚಾರಕ್ಕಿಳಿದ ‘ಐಕಾನ್ ಆಫ್ ದಿ ಸೀಸ್’ ಏಳು ಸಾವಿರಕ್ಕೂ ಮೇಲ್ಪಟ್ಟು ಪ್ರಯಾಣಿಕರನ್ನು ಹೊರಬಲ್ಲುದು. ಅದರ ಮೇಲೆ ಈಜುಗೊಳಗಳೂ ನೀರಿನ ಜಾರುಬಂಡೆಗಳೂ ಉಂಟು. ಸುತ್ತಲೂ ಕಡಲಿರುವಾಗ ಮೇಲೊಂದು ಕೊಳ ಕಟ್ಟಿ ಅದರಲ್ಲಿ ಆಡುವವನಿಗೆ ಕಡಲಿನ ಅಗತ್ಯವೇ ಇರಲಿಲ್ಲವೆಂದಾಯಿತು.

ಹಣವಿದ್ದವರು ಹೋಗಲಿ, ನಮಗೇನು ಎನ್ನಬಹುದು. ಹಣವಿಲ್ಲದವರಿಗೂ ‘ಸುಲಭ ಕಂತು’ ತೋರಿಸುತ್ತಿರುವುದೇ ಈ ಲೇಖನಕ್ಕೆ ಕಾರಣ. ಕೊಪ್ಪ ಶೃಂಗೇರಿಗಳ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ತಿನ್ನುತ್ತ ಬಂದಿದೆ. ಎಲೆಚುಕ್ಕಿ ರೋಗವು ಅದರ ಜೊತೆಗೂಡಿದೆ. ಕೊಳೆಗೆ ಔಷಧಿ ಹೊಡೆಸುವ ಕೂಲಿ, ಕೊನೆಗಾರನ ಕೂಲಿ, ಸೊಸೈಟಿಯ ಸಾಲ ಇವುಗಳ ನಡುವೆ ಬದುಕುವ ಮನೆಯವನು ನೆರೆಮನೆಯವರು ಹೋದರೆಂದು ನಾಲ್ಕು ದಿನದ ಸಂತೋಷಕ್ಕೆ ಇಡೀ ವರುಷ ಕಂತು ಕಟ್ಟುವುದು ವಿವೇಕವೆ? ಮಕ್ಕಳೇ ಕಟ್ಟುತ್ತಾರೆಂದರೆ ಅವರಿಗೊಂದು ಮಾತು. ತಂದೆತಾಯಿಗಳನ್ನು ಅಪರಿಚಿತರ ನಡುವೆ ಹಡಗಿಗೆ ಹತ್ತಿಸಿ ನೀವು ಕಛೇರಿಯಲ್ಲಿ ಕುಳಿತಿದ್ದರೆ, ಆ ಕಾಣಿಕೆಯಿಂದ ಅವರ ಒಂಟಿತನವು ದಡದಿಂದ ನೀರಿಗೆ ಹೋಯಿತೇ ಹೊರತು ಕಡಮೆಯಾಗಲಿಲ್ಲ.

ಅಷ್ಟೇ ರಜೆಯನ್ನು ನೀವೇ ಪಡೆದು ಊರಿಗೆ ಬನ್ನಿ. ತಾಯಿಯನ್ನು ಕರೆದುಕೊಂಡು ಶೃಂಗೇರಿ, ಕೆರೆಕಟ್ಟೆ ಹಾದು ಘಟ್ಟವಿಳಿದು ಕಾರ್ಕಳದ ಗೊಮ್ಮಟನನ್ನೂ ಮೂಡಬಿದಿರೆಯ ಕಂಬಗಳನ್ನೂ ಸಾವಕಾಶವಾಗಿ ನೋಡಿ, ಉಡುಪಿಯಲ್ಲಿ ಉಳಿದು, ಮರುದಿನ ಮಲ್ಪೆಗೆ ಹೋಗಿ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೊರಡುತ್ತವೆ. ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭೂಗರ್ಭದ ಬೆಂಕಿಯಿಂದಾದ ಕಲ್ಲುಕಂಬಗಳು ಅಲ್ಲಿ ನೀರಿನ ಅಂಚಿನಲ್ಲಿಯೇ ನಿಂತಿವೆ. ದರವು ನೂರುಗಳ ಲೆಕ್ಕದಲ್ಲಿದೆ. ಒಂಟಿ ಹೆಂಗಸಿನಿಂದ ಎರಡು ಪಾಲು ಕೇಳುವವರಿಲ್ಲ. ಮಳೆಗಾಲದಲ್ಲಿ ದೋಣಿಗಳು ಹೊರಡವು. ಕೊಯ್ಲು ಮುಗಿದ ಮೇಲೆ ಮಾಘದಲ್ಲಿ ಹೋಗಬಹುದು.